ಬರುವ ಮಾತು, ಬೇಕಾದ ಮಾತು

"ಹೆಸರು?"

ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯ ಹಿಂದೆ ಕೂತವಳು ತಲೆ ಎತ್ತದೆ ಕೇಳಿದಳು.

ಕಟ್ಟೆಯ ಮೇಲೆ ಕಣ್ಣು ಮಾತ್ರ ಕಾಣುವಷ್ಟು ಎತ್ತರದ ಹುಡುಗಿ ಬಾಯಿ ತೆರೆದಳು. ತುಟಿ ಅಲುಗಿತು. ಗದ್ದ ನಡುಗಿತು. ಕುತ್ತಿಗೆಯ ನರ ದಾರದ ಹಾಗೆ ಉಬ್ಬಿ ನಿಂತಿತು... ಹೆಸರು ಮಾತ್ರ ಹೊರಗೆ ಬರಲಿಲ್ಲ.

"ಹೆಸರಮ್ಮಾ, ಹೆಸರು! ಸಾಲು ಎಷ್ಟುದ್ದ ಇದೆ ನೋಡು!"

ಹಿಂದೆ ನಿಂತಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು, ಮಗುವಿನ ಜೊತೆಗಿದ್ದವನನ್ನು ಗದರಿದಳು. "ಕಂಬದ ಹಾಗೆ ನಿಂತಿದ್ದೀರಲ್ಲಾ, ನೀವಾದ್ರೂ ಹೇಳಬಾರದಾ? ಮಗು ಒದ್ದಾಡ್ತಿದೆ, ಕಾಣಲ್ವಾ?"

ಅವನು ಹೇಳಲಿಲ್ಲ. ಮಗುವಿನ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು ಗೋಡೆ ನೋಡುತ್ತಾ ನಿಂತಿದ್ದ. ಕಿವಿ ಎರಡೂ ಕೆಂಪಗಾಗಿದ್ದವು.

ಕಾರಿಡಾರಿನ ಕೊನೆಯ ಕೋಣೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವಳು ಒಬ್ಬಳಿದ್ದಳು. ಆಸ್ಪತ್ರೆಯವರೆಲ್ಲ ಅವಳನ್ನು ಮಾತಿನಕ್ಕ ಅನ್ನುತ್ತಿದ್ದರು. ಉಗ್ಗುವ ಮಕ್ಕಳಿಗೆ ಮಾತು ಬಿಡಿಸಿಕೊಡುವುದು ಅವಳ ಕೆಲಸ. ಹಳೇ ಮಂಚಗಳನ್ನು ತುಂಬಿಡುತ್ತಿದ್ದ ಕೋಣೆಯನ್ನು ಬೇಡಿ ಪಡೆದು, ತಾನೇ ಸುಣ್ಣ ಬಳಿದು, ಸಣ್ಣ ಕುರ್ಚಿಗಳನ್ನು ಹಾಕಿಕೊಂಡು ಹನ್ನೊಂದು ವರ್ಷ ಕಳೆದಿದ್ದಳು.

ಆ ಹನ್ನೊಂದು ವರ್ಷದಲ್ಲಿ ಅವಳು ನೋಡಿದ ದೊಡ್ಡವರೆಲ್ಲ ಒಂದೇ ಥರ. ಮಗು 'ನ... ನ...' ಅನ್ನುವಷ್ಟರಲ್ಲಿ 'ನೀರು ಬೇಕಂತೆ' ಅಂದುಬಿಡುವವರು. ಮಗುವಿನ ಬಾಯಲ್ಲಿದ್ದ ಮಾತನ್ನು ಕಿತ್ತುಕೊಂಡು ತಾವು ಆಡುವವರು. ಪ್ರೀತಿಯಿಂದಲೇ ಮಾಡುತ್ತಾರೆ, ಅದು ಬೇರೆ ಮಾತು.

ಈ ಮನುಷ್ಯ ಮಾತ್ರ ಕಾಯುತ್ತಿದ್ದಾನೆ!

ಮಾತಿನಕ್ಕ ಬಂದು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಅವಸರ ಇಲ್ಲ ಪುಟ್ಟಿ. ನನಗೆ ಇವತ್ತು ಬೇರೆ ಕೆಲಸಾನೇ ಇಲ್ಲ."

ಹುಡುಗಿ ಉಸಿರು ತೆಗೆದುಕೊಂಡಳು. ಶಾಲೆಯಲ್ಲಿ ಬರೆಸಿದ ಉದ್ದನೆ ಹೆಸರನ್ನು ತುಂಡು ತುಂಡಾಗಿ ಹೊರಗೆ ಹಾಕಿದಳು. ಆಮೇಲೆ ಸುಸ್ತಾಗಿ, "ಮ... ಮನೇಲಿ ಕಡ್ಡಿ ಅಂತಾರೆ" ಅಂದಳು.

"ಹುಟ್ಟಿದಾಗ ಅಷ್ಟು ಸಣ್ಣಗಿದ್ಯಾ?"

"ಈ... ಈಗಲೂ ಸಣ್ಣಗೇ ಇದ್ದೀನಲ್ಲ!"

ಮಾತಿನಕ್ಕ ನಕ್ಕು ಮೇಲೆದ್ದು ಅವನ ಕಡೆ ತಿರುಗಿದಳು. "ಮಕ್ಕಳ ಬಾಯಿಗೆ ಅಡ್ಡ ಬರದ ದೊಡ್ಡವರನ್ನ ನಾನು ಇವತ್ತೇ ಮೊದಲು ನೋಡಿದ್ದು."

ಅವನು ಒಮ್ಮೆ ಕಣ್ಣೆತ್ತಿ ನೋಡಿದ. ಏನೋ ಹೇಳುವವನಂತೆ ಕಂಡ. ಹೇಳಲಿಲ್ಲ, ತಲೆ ತಗ್ಗಿಸಿದ.

ಎಷ್ಟು ದೊಡ್ಡ ಕಣ್ಣು... ಎಷ್ಟು ದಣಿದ ಕಣ್ಣು! ಮಾತಿನಕ್ಕನ ಎದೆಯಲ್ಲಿ ಏನೋ ಒಂದು ಕ್ಷಣ ನಿಂತು, ಮತ್ತೆ ನಡೆಯಿತು.

ಕೋಣೆಯೊಳಗೆ ಬಂದಾಗ ಅವನು ಮೊದಲೇ ತುಂಬಿಸಿ ತಂದಿದ್ದ ಅರ್ಜಿಯನ್ನು ಮೇಜಿನ ಮೇಲಿಟ್ಟ. ದುಂಡಗಿನ ಅಕ್ಷರ. ಮಗುವಿಗೆ ಸೋದರಮಾವ. ತಾಯಿ ತೀರಿಕೊಂಡು ಎರಡು ವರ್ಷ. ತಂದೆ ಅದಕ್ಕೂ ಮೊದಲೇ ಬಿಟ್ಟು ಹೋದವನು. ಮಾವನ ಕಸುಬು ಫೋಟೋಗಳಿಗೆ ಫ್ರೇಮು ಹಾಕುವುದು.

"ಮನೇಲಿ ನೀವಿಬ್ಬರೇನಾ?"

"ಹೂಂ."

"ಹಾಗಾದ್ರೆ ನನಗಿಂತ ಹೆಚ್ಚಿನ ಕೆಲಸ ನಿಮ್ಮದೇ. ಮಕ್ಕಳು ಮಾತು ಕಲಿಯೋದು ಮನೆಯವರ ಬಾಯಿಂದ. ನೀವು ಹೇಗೆ ಆಡ್ತೀರೋ ಅವಳೂ ಹಾಗೇ ಆಡ್ತಾಳೆ. ಅದಕ್ಕೇ ನೀವು ನಿಧಾನವಾಗಿ, ಮೆತ್ತಗೆ ಮಾತಾಡಬೇಕು."

ಅವಳು ಎಲ್ಲರಿಗೂ ಹೇಳುವ ಮಾತು ಅದು. ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದ್ದ ಮಾತು. ಹೇಳುತ್ತಾ ಡ್ರಾಯರಿನಲ್ಲಿ ಪೆನ್ನು ಹುಡುಕುತ್ತಿದ್ದಳು. ಅವನ ಮುಖದಿಂದ ರಕ್ತ ಇಳಿದು ಹೋದದ್ದನ್ನು ನೋಡಲಿಲ್ಲ.

*

ಮಾತಿನಕ್ಕನ ಪದ್ಧತಿ ಒಂದಿತ್ತು. ದಿನಕ್ಕೆ ಐದು ನಿಮಿಷ ಮನೆಯ ದೊಡ್ಡವರೊಬ್ಬರು ಮಗುವಿನ ಜೊತೆ ಕೂತು ಮಾತಾಡಬೇಕು. ಬೇರೆ ಕೆಲಸ ಇಲ್ಲ, ಬೈಗುಳ ಇಲ್ಲ, ತಿದ್ದುವುದಿಲ್ಲ. ಆ ಐದು ನಿಮಿಷವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಗುರುವಾರ ತರಬೇಕು. ಅವಳು ಕೇಳುತ್ತಾ ಹಾಳೆಯ ಮೇಲೆ ಗುರುತು ಹಾಕುವಳು. ಮಗು ಒಂದು ಸದ್ದನ್ನು ಮತ್ತೆ ಮತ್ತೆ ಹೇಳಿದರೆ ಚುಕ್ಕಿ. ಎಳೆದರೆ ಗೆರೆ. ಸದ್ದೇ ಬರದೆ ನಿಂತರೆ ಚೌಕ.

ಗುರುತು ಮಗುವಿಗೆ ಮಾತ್ರ. ದೊಡ್ಡವರು ಆಡಿದ್ದನ್ನು ಕಿವಿ ದಾಟಿಸಿಬಿಡುವುದು. ಹಾಗೆ ಮಾಡದಿದ್ದರೆ ದಿನಕ್ಕೆ ಹನ್ನೆರಡು ಮಕ್ಕಳನ್ನು ನೋಡಲು ಆಗುತ್ತದೆಯೇ?

ಗುರುವಾರಗಳು ಬಂದವು, ಹೋದವು.

ಕಡ್ಡಿ ಶಾಲೆಯಲ್ಲಿ ಹಾಜರಿ ಕೂಗುವಾಗ ಬಾಯಿ ಬಿಡುತ್ತಿರಲಿಲ್ಲ. ಪಕ್ಕದವಳು ಕೂಗಿ ಹೇಳುತ್ತಿದ್ದಳು. ಮಾತಿನಕ್ಕ ಅವಳಿಗೆ ಜಾರುಬಂಡೆಯ ಮೇಲೆ ಕೂತು ಮೆಲ್ಲಗೆ ಜಾರಿದ ಹಾಗೆ ಮಾತು ಶುರು ಮಾಡುವುದನ್ನು ಕಲಿಸಿದಳು. ಅದಕ್ಕಿಂತ ಹೆಚ್ಚಾಗಿ ಇನ್ನೊಂದನ್ನು ಕಲಿಸಿದಳು.

"ಬಚ್ಚಿಡಬೇಡ ಕಡ್ಡಿ. ಬಚ್ಚಿಟ್ಟಷ್ಟೂ ಅದು ದೊಡ್ಡದಾಗುತ್ತೆ. ನೀನೇ ಹೇಳಿಬಿಡು, ನನಗೆ ಮಾತು ಸಿಕ್ಕಿಕೊಳ್ಳುತ್ತೆ, ಸ್ವಲ್ಪ ಕಾಯಿರಿ ಅಂತ."

"ನ... ನಗ್ತಾರೆ."

"ಒಂದು ದಿನ ನಗ್ತಾರೆ. ಎರಡು ದಿನ ನಗ್ತಾರೆ. ಮೂರನೇ ದಿನ ಅವರಿಗೇ ಬೇಜಾರಾಗುತ್ತೆ."

ಮೂಲೆಯ ಕುರ್ಚಿಯಲ್ಲಿ ಕೂತ ಮಾವ ಇದನ್ನು ಕೇಳುತ್ತಾ ಬೆರಳುಗಳನ್ನು ಒಂದಕ್ಕೊಂದು ಹೆಣೆದು ಬಿಗಿ ಹಿಡಿಯುತ್ತಿದ್ದ. ಗಾಜು ಕೊಯ್ದ ಗೀರುಗಳಿಂದ ತುಂಬಿದ ಬೆರಳುಗಳು.

ಅವನ ಮಾತೆಂದರೆ ಅಷ್ಟೇ. "ಹೂಂ." "ಆಗಲಿ." "ಬರ್ತೀವಿ."

ಒಂದು ಗುರುವಾರ ಬರುವಾಗ ಸುತ್ತಿಗೆ, ಮೊಳೆ ತಂದಿದ್ದ. ಗೋಡೆಯ ಕನ್ನಡಿಯ ಮುಂದೆ ನಿಂತ. ಮಕ್ಕಳು ತಮ್ಮ ಬಾಯಿ ನೋಡಿಕೊಳ್ಳಲಿ ಎಂದು ತೂಗುಹಾಕಿದ್ದ ಕನ್ನಡಿ ಅದು. ಮಕ್ಕಳು ತುದಿಗಾಲಲ್ಲಿ ನಿಂತು ನೋಡಬೇಕಿತ್ತು. ಅವನು ಏನೂ ಕೇಳದೆ ಅದನ್ನು ಒಂದು ಮೊಳ ಕೆಳಗಿಳಿಸಿ ಹೊಡೆದು, ಅಂಗೈಯಿಂದ ಧೂಳು ಒರೆಸಿ, ಹೋಗಿ ಮೂಲೆಯಲ್ಲಿ ಕೂತ.

ಹನ್ನೊಂದು ವರ್ಷದಲ್ಲಿ ನನಗೇ ಹೊಳೆಯಲಿಲ್ಲವಲ್ಲ! ಎಂದುಕೊಂಡಳು ಮಾತಿನಕ್ಕ. ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ತನ್ನಷ್ಟಕ್ಕೆ ತಾನೇ ನಕ್ಕಳು. ಪಕ್ಕದಲ್ಲಿ ಕೂತವರು ಸ್ವಲ್ಪ ಆಚೆ ಸರಿದರು.

ಅವಳಿಗೆ ಮೂವತ್ತಾರು. ಎಂಟು ವರ್ಷದ ಹಿಂದೆ ಒಬ್ಬನ ಜೊತೆ ಮದುವೆ ಗೊತ್ತಾಗಿತ್ತು. ಮಾತಿನ ಮಲ್ಲ ಅವನು. ಅವಳು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ಅವನೇ ಮುಗಿಸುತ್ತಿದ್ದ. ಆಗ ಅದು ಪ್ರೀತಿ ಅನ್ನಿಸಿತ್ತು. ಮದುವೆಗೆ ಇಪ್ಪತ್ತು ದಿನ ಇರುವಾಗ ಬೇರೊಬ್ಬಳನ್ನು ಒಪ್ಪಿದ್ದೇನೆಂದು ಬಂದು ಹೇಳಿದ. ಅದನ್ನೂ ಒಂದು ಗಂಟೆ ಸೊಗಸಾಗಿ, ತಡವರಿಸದೆ ಹೇಳಿದ!

ಅವತ್ತಿನಿಂದ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಮಾತು ಜಾಸ್ತಿ ಇದ್ದ ಕಡೆ ಸುಳ್ಳು ಇರುತ್ತದೆ. ಸುಮ್ಮನಿರುವ ಮನುಷ್ಯನ ಒಳಗೆ ನೆಮ್ಮದಿ ಇರುತ್ತದೆ. ಮೊದಲನೆಯದರಲ್ಲಿ ಅಷ್ಟಿಷ್ಟು ನಿಜ ಇದ್ದೀತು. ಎರಡನೆಯದರಲ್ಲಿ ಅವಳು ಪೂರ್ತಿ ಎಡವಿದ್ದಳು.

ಅದು ಅವಳಿಗೆ ಆಗ ಗೊತ್ತಿರಲಿಲ್ಲ.

*

ನಾಲ್ಕನೇ ತಿಂಗಳಲ್ಲಿ ಬೇರೆ ಊರಿನ ದೊಡ್ಡ ಆಸ್ಪತ್ರೆಯಿಂದ ಪತ್ರ ಬಂತು. ಉಗ್ಗುವ ಮಕ್ಕಳಿಗೆಂದೇ ಒಂದು ವಿಭಾಗ ತೆರೆಯುತ್ತಿದ್ದಾರೆ. ಅವಳೇ ಮುಖ್ಯಸ್ಥೆ. ವಾರದೊಳಗೆ ಉತ್ತರ ಕೊಡಬೇಕು.

ಅಮ್ಮ ಪತ್ರವನ್ನು ಎರಡು ಸಲ ಓದಿಸಿಕೊಂಡಳು. "ಹೋಗ್ತೀಯಾ?"

"ಗೊತ್ತಿಲ್ಲಮ್ಮ."

"ಗೊತ್ತಿಲ್ಲ ಅಂತ ನೀನು ಹೇಳ್ತೀಯ, ನಿನ್ನ ಮುಖ ಬೇರೇನೋ ಹೇಳ್ತಿದೆ. ಆ ಫ್ರೇಮಿನವನು ತಾನೆ?"

"ಅಮ್ಮಾ!"

"ಏನಮ್ಮಾ? ಗುರುವಾರ ಬಂದ್ರೆ ಇಸ್ತ್ರಿ ಮಾಡಿದ ಬಟ್ಟೆ ಹುಡುಕ್ತೀಯ. ನನಗೇನು ಕಣ್ಣು ಕಾಣಲ್ವಾ? ಊರ ಮಕ್ಕಳಿಗೆಲ್ಲ ಮಾತು ಕಲಿಸ್ತೀಯಲ್ಲ ಕಣೇ, ನಿನಗೆ ಬೇಕಾದ್ದನ್ನ ಕೇಳೋಕೆ ನಿನ್ನ ಬಾಯಿಗೆ ಏನಾಗಿದೆ? ಹೋಗಿ ಕೇಳು! ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ."

ಆ ಗುರುವಾರ ಕಡ್ಡಿ ಕುಣಿಯುತ್ತಾ ಬಂದಳು. ತರಗತಿಯಲ್ಲಿ ಎದ್ದು ನಿಂತು, ನನಗೆ ಮಾತು ಸಿಕ್ಕಿಕೊಳ್ಳುತ್ತೆ, ಕಾಯಿರಿ ಅಂತ ಹೇಳಿದ್ದಳಂತೆ! ಟೀಚರು ಕಾದರಂತೆ! ಮಾತಿನಕ್ಕ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿ, ಚಿತ್ರ ಬರೆಯಲು ಹೊರಗಿನ ಬೆಂಚಿಗೆ ಕಳಿಸಿದಳು.

ಕೋಣೆಯಲ್ಲಿ ಇಬ್ಬರೇ.

"ನಿಮಗೊಂದು ವಿಷಯ ಹೇಳಬೇಕಿತ್ತು," ಎಂದಳು. ಪತ್ರದ ವಿಷಯ ಹೇಳಿದಳು. "ನನಗೆ ಅಲ್ಲಿ ಒಳ್ಳೇ ಕೆಲಸ. ಆದ್ರೆ... ಇಲ್ಲಿ ಇರು ಅಂತ ಒಬ್ಬರು ಹೇಳಿದ್ರೆ ನಾನು ಹೋಗಲ್ಲ. ಆ ಒಬ್ಬರು ಯಾರು ಅಂತ ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೀನಿ."

ಅವನು ಬೆಚ್ಚಿ ನೋಡಿದ.

"ನಾನು ಹೋಗಲಾ? ಇರಲಾ?"

ಅವನ ತುಟಿ ತೆರೆಯಿತು. ಹಲ್ಲು ಕಚ್ಚಿಕೊಂಡಿತು. ಕಣ್ಣು ಅವಳನ್ನು ಬಿಟ್ಟು ಕಿಟಕಿಗೆ ಹೋಯಿತು. ಎಷ್ಟು ಹೊತ್ತು... ಅಯ್ಯೋ, ಎಷ್ಟು ಹೊತ್ತು! ಬೇಸರವಾಗದ ಹಾಗೆ ಬೇಡ ಅನ್ನಲು ದಾರಿ ಹುಡುಕುತ್ತಿದ್ದಾನೆ ಅನ್ನಿಸಿತು ಅವಳಿಗೆ.

ಅವನು ಒಮ್ಮೆ ಕೆಮ್ಮಿದ.

"ಹೋಗಿ," ಅಂದ. "ಒಳ್ಳೇದಾಗಲಿ."

ಸಲೀಸಾಗಿ ಅಂದ. ಎದ್ದ. ಹೊರಗೆ ಹೋಗಿ ಕಡ್ಡಿಯ ಕೈ ಹಿಡಿದುಕೊಂಡ. ತಿರುಗಿ ನೋಡಲಿಲ್ಲ.

ಮಾತಿನಕ್ಕ ಸಣ್ಣ ಕುರ್ಚಿಯ ಮೇಲೆ ಮೊಣಕಾಲು ಎದೆಗೆ ತಗಲುವಂತೆ ಮುದುಡಿ ಕೂತಳು. ಅಳು ಬರಲಿಲ್ಲ. ನಾಚಿಕೆ ಬಂತು. ಮೂವತ್ತಾರು ವರ್ಷದ ಹೆಂಗಸು, ಬಾಯಿಬಿಟ್ಟು ಕೇಳಿ ಹೇಳಿಸಿಕೊಂಡೆನಲ್ಲ... ಒಳ್ಳೇದಾಗಲಿ ಅಂತೆ! ಯಾರಿಗೆ ಬೇಕು ಅವನ ಒಳ್ಳೇದು!

ಮರುದಿನವೇ ಆ ಊರಿಗೆ ಒಪ್ಪಿಗೆ ಬರೆದು ಹಾಕಿದಳು. ಇಲ್ಲಿಗೆ ರಾಜೀನಾಮೆ ಕೊಟ್ಟಳು. ಅವಳ ಜಾಗಕ್ಕೆ ಬರುವ ಹುಡುಗಿ ಯಾರೆಂಬುದೂ ಎರಡೇ ದಿನದಲ್ಲಿ ಗೊತ್ತಾಗಿಹೋಯಿತು.

*

ಹೋಗುವ ಮೊದಲು ಪ್ರತಿ ಮಗುವಿನ ಕಡತ ಬರೆದಿಡಬೇಕಿತ್ತು. ಸೋಮವಾರ ಮಧ್ಯಾಹ್ನ ಕಡ್ಡಿಯ ಸರದಿ. ಮೊದಲ ರೆಕಾರ್ಡಿನಿಂದ ಕೊನೆಯವರೆಗೆ ಇನ್ನೊಮ್ಮೆ ಕೇಳಿ, ಎಷ್ಟು ಸುಧಾರಿಸಿದ್ದಾಳೆ ಎಂದು ಬರೆಯಲು ಕೂತಳು.

ಆದರೆ ಅವತ್ತು ಅವಳ ಕಿವಿ ಮಗುವಿನ ಕಡೆ ಹೋಗಲಿಲ್ಲ. ಎಷ್ಟು ಗದರಿಸಿದರೂ ಅವನ ದನಿಯ ಕಡೆಗೇ ಹೋಯಿತು.

ಕೇಳಲಿ ಬಿಡು. ಇನ್ನೆಲ್ಲಿ ಕೇಳುತ್ತೇನೆ...

ರೆಕಾರ್ಡಿನಲ್ಲಿ ಕಡ್ಡಿ ಕೇಳುತ್ತಿದ್ದಳು. "ಮಾವ, ಇ... ಇದಕ್ಕೆ ಏನಂತಾರೆ?"

"ಅದಾ? ಅದು... ಹೊಳಪು ಬರೋಕೆ ತಿಕ್ಕೋದು."

ಬಟ್ಟೆ ಅನ್ನಬಹುದಿತ್ತಲ್ಲ, ಎಂದುಕೊಂಡಳು.

"ನಾ... ನಾಳೆ ಎಲ್ಲಿಗೆ ಹೋಗೋಣ?"

"ಅಲ್ಲಿ... ನೀನು ಜೋಕಾಲಿ ಆಡ್ತೀಯಲ್ಲ, ಅಲ್ಲಿಗೆ."

ಪಾರ್ಕು ಅನ್ನಬಹುದಿತ್ತಲ್ಲ!

ಮಾತಿನಕ್ಕನ ಕೈ ನಿಂತಿತು. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು. 'ಅಲ್ಲಿ' ಆದಮೇಲೆ ಒಂದು ಸಣ್ಣ ಸದ್ದು. ಗಂಟಲೊಳಗೆ ಬಾಗಿಲು ಮುಚ್ಚಿದ ಹಾಗೆ. ಆಮೇಲೆ ಸುತ್ತು ಬಳಸಿದ ಮಾತು.

ಅವಳು ಹೊಸ ಹಾಳೆ ತೆಗೆದಳು. ಈ ಸಲ ಗುರುತು ಮಾವನಿಗೆ.

ಚೌಕ. ಮಾತು ಬದಲು. ಚೌಕ. ಕೆಮ್ಮು. ಚೌಕ. ಮಾತು ಬದಲು...

ನಾಲ್ಕು ರೆಕಾರ್ಡು ಮುಗಿಯುವಷ್ಟರಲ್ಲಿ ಹಾಳೆ ತುಂಬಿಹೋಯಿತು. ಮಗುವಿನದಕ್ಕಿಂತ ಎರಡರಷ್ಟು! ಇಷ್ಟು ತಿಂಗಳಲ್ಲಿ ಅವನು ಒಂದು ಸಲವೂ ಕಡ್ಡಿಯ ಶಾಲೆಯ ಹೆಸರನ್ನು ಬಾಯಲ್ಲಿ ಹೇಳಿರಲಿಲ್ಲ. ಬರುವುದಿಲ್ಲ ಅಂದುಕೊಂಡ ಪ್ರತಿ ಕಷ್ಟದ ಮಾತನ್ನೂ ದೂರದಿಂದಲೇ ನೋಡಿ, ಪಕ್ಕದ ಸಂದಿಗೆ ನುಗ್ಗಿ, ಬಳಸಿಕೊಂಡು ದಾಟಿದ್ದ.

ಉಗ್ಗನ್ನು ಹೀಗೆ ಬಚ್ಚಿಟ್ಟುಕೊಂಡು ಬದುಕುವವರಿದ್ದಾರೆ ಎಂದು ಅವಳು ಓದಿದ್ದಳು. ಅಂಥವರ ಹೆಂಡತಿಯರಿಗೇ ಎಷ್ಟೋ ವರ್ಷ ತಿಳಿದಿರುವುದಿಲ್ಲವಂತೆ. ಎದುರಿಗೆ ಕೂತವನಲ್ಲಿ ಅವಳಿಗೇ ಕಾಣಲಿಲ್ಲ!

ಚೀಟಿಯ ಕಿಟಕಿಯ ಮುಂದೆ ಅವನು ಕಾದದ್ದು ತಾಳ್ಮೆಯಲ್ಲ. ಹೇಳಲು ಅವನಿಗೂ ಬರುತ್ತಿರಲಿಲ್ಲ.

ನಾನು ಮೆಚ್ಚಿದ್ದು ಅವನ ನೆಮ್ಮದಿಯನ್ನಲ್ಲ. ಅವನ ಭಯವನ್ನ...

ಈಗ ಅಳು ಬಂತು. ಹಾಳೆಯ ಮೇಲಿನ ಚೌಕಗಳೆಲ್ಲ ನೆನೆದು ಹರಡಿಕೊಂಡವು.

*

ಮಂಗಳವಾರ ಮಧ್ಯಾಹ್ನ ಅವಳು ಫ್ರೇಮಿನ ಅಂಗಡಿಗೆ ಹೋದಳು. ಎರಡು ಆಳು ನಿಂತರೆ ತುಂಬಿಹೋಗುವ ಅಂಗಡಿ. ಗೋಡೆಯ ತುಂಬ ಮರದ ಪಟ್ಟಿಗಳು ಎತ್ತರದ ಪ್ರಕಾರ ಒರಗಿ ನಿಂತಿದ್ದವು. ನೆಲದ ಮೇಲೆ ಮರದ ಪುಡಿ. ಕಡ್ಡಿ ಶಾಲೆಯಲ್ಲಿದ್ದಳು.

ಅವನು ಗಾಜಿನ ಮೇಲೆ ಅಳತೆಪಟ್ಟಿ ಇಟ್ಟು ವಜ್ರದ ಮೊನೆಯಿಂದ ಗೀರುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಿಮಗೂ ಮಾತು ಸಿಕ್ಕಿಕೊಳ್ಳುತ್ತೆ, ಅಲ್ವಾ?"

ಅವನ ಕೈ ಒತ್ತಿ, ಗಾಜು ಗೀರಿದ ಕಡೆ ಬಿಟ್ಟು ಅಡ್ಡಕ್ಕೆ ಸೀಳಿತು.

ಅವನು ಆ ಸೀಳನ್ನೇ ನೋಡುತ್ತಾ ನಿಂತ. ಕೊನೆಗೆ ತಲೆ ಆಡಿಸಿದ. ಹೌದು.

"ಯಾವಾಗಿನಿಂದ?"

"ಚಿ... ಚಿ... ಚಿಕ್ಕಂದಿನಿಂದ."

ಅವಳ ಮುಂದೆ ಅವನು ಬಚ್ಚಿಡದೆ ಆಡಿದ ಮೊದಲ ಮಾತು ಅದು. ಆಡುವಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ, ಹೊಡೆತ ಬೀಳುತ್ತದೆ ಎಂದು ಕಾಯುವವನ ಹಾಗೆ.

"ನನಗೆ ಯಾಕೆ ಹೇಳಲಿಲ್ಲ? ಅದೇ ನನ್ನ ಕೆಲಸ ಅಲ್ವಾ?"

"ನೀ... ನೀವೇ ಹೇಳಿದ್ರಿ. ಮೊ... ಮೊದಲನೇ ದಿನ. ಮ... ಮಕ್ಕಳು ಮನೆಯವರ ಬಾಯಿಂದ ಕಲೀತಾರೆ ಅಂತ. ನಾನು ಹೇಗೆ ಆ... ಆಡ್ತೀನೋ ಅವಳೂ ಹಾಗೇ ಅಂತ."

ಅವಳಿಗೆ ನೆನಪೇ ಇರಲಿಲ್ಲ. ಪೆನ್ನು ಹುಡುಕುತ್ತಾ ಹೇಳಿದ ಮಾತು! ಈ ಮನುಷ್ಯ ಅದನ್ನು ನಾಲ್ಕು ತಿಂಗಳು ಎದೆಯ ಮೇಲೆ ಕಲ್ಲಿನ ಹಾಗೆ ಹೊತ್ತುಕೊಂಡು ತಿರುಗಿದ್ದಾನೆ.

"ಅವಳಿಗೆ ಬಂದಿರೋದು ನ... ನನ್ನಿಂದ ಅಂತ ನಿಮಗೆ ಗೊ... ಗೊತ್ತಾದ್ರೆ..." ಮುಂದೆ ಹೇಳಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತ.

ಆಮೇಲೆ ಅವನು ಹೇಳಿದ್ದನ್ನು ಅವನು ಹೇಳಿದ ಹಾಗೇ ಬರೆಯಲು ಹೋದರೆ ಬೆಳಗಾದೀತು. ಸಾರ ಹೇಳುತ್ತೇನೆ.

ಚಿಕ್ಕಂದಿನಿಂದ ಅವನ ಮಾತನ್ನೆಲ್ಲ ಅವನ ಅಕ್ಕ ಆಡುತ್ತಿದ್ದಳು. ಶಾಲೆಯಲ್ಲಿ, ಅಂಗಡಿಯಲ್ಲಿ, ನೆಂಟರ ಮುಂದೆ. ಅವನು ಬಾಯಿ ತೆರೆದರೆ ಸಾಕು, ಏನು ಬೇಕೆಂದು ಅವಳಿಗೆ ಗೊತ್ತು. ಗಂಡ ಬಿಟ್ಟು ಹೋದಮೇಲೆ ಮಗುವನ್ನೆತ್ತಿಕೊಂಡು ತಮ್ಮನ ಮನೆಗೇ ಬಂದಳು. ಗಿರಾಕಿಗಳ ಜೊತೆ ಮಾತು ಅವಳದು, ಗಾಜು ಮರ ಅವನದು.

ಒಂದು ದಿನ ಊಟ ಮುಗಿಸಿ ಎದ್ದವಳು ತಲೆ ಹಿಡಿದುಕೊಂಡು ಬಿದ್ದಳು. ಅವನು ಆಂಬುಲೆನ್ಸಿಗೆ ಫೋನು ಮಾಡಿದ. ವಿಳಾಸ ಕೇಳಿದರು. ಬೀದಿಯ ಹೆಸರು ಬರಲಿಲ್ಲ. ಆಟ ಆಡ್ತೀಯೇನೋ ಅಂತ ಬೈದು ಇಟ್ಟರು. ಇನ್ನೊಮ್ಮೆ ಮಾಡಿದ. ಮತ್ತೆ ಬರಲಿಲ್ಲ. ಕೊನೆಗೆ ಬೀದಿಗೆ ಓಡಿ ಹೋಗಿ, ಎದುರು ಸಿಕ್ಕವನ ಕೈಗೆ ಫೋನು ತುರುಕಿದ.

"ಬ... ಬಂದ್ರು. ಬರೋ ಹೊತ್ತಿಗೆ ಅ... ಅಕ್ಕ..." ಅವನು ಕೈಯಾಡಿಸಿದ. "ಕ... ಕಡ್ಡಿ ಅಲ್ಲೇ ನಿಂತಿದ್ಲು. ನಾನು ಫೋನಲ್ಲಿ ಒ... ಒದ್ದಾಡಿದ್ದನ್ನ ಪೂರ್ತಿ ನೋ... ನೋಡಿದ್ಲು. ಅದಾದ ತಿಂಗಳಲ್ಲಿ ಅವಳಿಗೂ ಶು... ಶುರುವಾಯ್ತು."

ಮಾತಿನಕ್ಕ ಮರದ ಪುಡಿಯ ಮೇಲೆ, ಅವನ ಎದುರಿಗೆ ನೆಲದಲ್ಲೇ ಕೂತಳು.

"ನಿಮ್ಮಕ್ಕನ ವಿಷಯ ನಾನು ಹೇಳೋಕಾಗಲ್ಲ. ಬೇಗ ಬಂದಿದ್ರೆ ಉಳೀತಿದ್ರೋ ಇಲ್ವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೇಳಿ ನಿಮ್ಮನ್ನ ಸಮಾಧಾನ ಮಾಡಲ್ಲ."

ಅವನು ತಲೆಯಾಡಿಸಿದ. ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು.

"ಕಡ್ಡಿ ವಿಷಯ ಮಾತ್ರ ನನಗೆ ಗೊತ್ತು. ಉಗ್ಗು ನೋಡಿ ಕಲಿಯೋದಲ್ಲ. ಹೆದರಿಕೆಯಿಂದ ಹುಟ್ಟೋದೂ ಅಲ್ಲ. ಕೆಲವು ಮನೆಗಳಲ್ಲಿ ರಕ್ತದಲ್ಲೇ ಇಳಿದು ಬರುತ್ತೆ, ಮೂಗು ಬಂದ ಹಾಗೆ, ಕೂದಲು ಬಂದ ಹಾಗೆ. ಮೂಗಿಗೆ ಯಾರಾದ್ರೂ ತಪ್ಪು ಹೊರ್ತಾರಾ? ಅವತ್ತು ನಾನು ಆಡಿದ್ದು ಎಲ್ಲರಿಗೂ ಆಡೋ ಮಾತು. ಯಾರ ಮುಂದೆ ಆಡ್ತಿದ್ದೀನಿ ಅಂತ ನೋಡದೆ ಆಡಿದೆ. ತಪ್ಪು ನನ್ನದು. ನಿಮ್ಮ ಕಾಲು ಹಿಡೀಬೇಕಾ, ಹಿಡೀತೀನಿ."

"ಬೇ... ಬೇಡ, ಬೇಡ!" ಅವನು ಗಾಬರಿಯಿಂದ ಕಾಲು ಎಳೆದುಕೊಂಡ.

ಅವಳು ಬೆರಳಿಗೆ ಅಂಟಿದ ಮರದ ಪುಡಿಯನ್ನು ಒರೆಸಿಕೊಂಡಳು.

"ಗುರುವಾರ," ಅಂದಳು ಅವಳು, "ಹೋಗಿ ಅಂದ್ರಲ್ಲ..."

"ಬೇ... ಬೇರೇನೋ ಹೇಳೋಕೆ ಹೊರಟಿದ್ದೆ. ಅದು ಬ... ಬರಲಿಲ್ಲ. ಹೋಗಿ ಅನ್ನೋದು ಬಂತು." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಬಂದದ್ದನ್ನ ಹೇಳಿಬಿಟ್ಟೆ. ನಾನು ಯಾವಾಗಲೂ ಹಾಗೇ. ಅಂಗಡೀಲಿ ಬೇ... ಬೇಕಾದ್ದು ಬಿಟ್ಟು ಹೇಳೋಕೆ ಬ... ಬರೋದನ್ನ ಕೊಂಡ್ಕೊಂಡು ಬರ್ತೀನಿ. ಹಾಗೇ ಬ... ಬದುಕಿದ್ದು."

ಒಂದು ಮಾತು ಸಿಕ್ಕದೆ ಹೋದದ್ದಕ್ಕೆ ನಾನು ಒಂದು ಊರನ್ನೇ ಬಿಡಲು ಹೊರಟಿದ್ದೆನಲ್ಲ! ಈ ಮನುಷ್ಯ ಹೀಗೆ ಇನ್ನೆಷ್ಟು ಕಳೆದುಕೊಂಡಿದ್ದಾನೋ...

"ಅದೇ ಪ್ರಶ್ನೆ ಇನ್ನೊಂದು ಸಲ ಕೇಳ್ತೀನಿ. ಬರೋ ಮಾತು ನನಗೆ ಬೇಡ. ಬೇಕಾದ ಮಾತು ಹೇಳಿ. ಎಷ್ಟು ಹೊತ್ತಾದ್ರೂ ಆಗಲಿ. ನಾನು ಹೋಗಲಾ? ಇರಲಾ?"

ಅವನು ಬಾಯಿ ತೆರೆದ.

ಅದೇ ಹೊತ್ತಿಗೆ ಅಂಗಡಿಯ ಮೆಟ್ಟಿಲು ಹತ್ತಿ ಒಬ್ಬ ಅಜ್ಜಿ ಬಂದಳು. ಊರುಗೋಲನ್ನು ಬಾಗಿಲಿಗೆ ಬಡಿದಳು.

"ಏನಪ್ಪಾ, ನಮ್ಮ ಯಜಮಾನರ ಫೋಟೋ ಆಯ್ತಾ? ಇದೇನಮ್ಮಾ ನೀನು, ನೆಲದ ಮೇಲೆ ಕೂತಿದ್ದೀಯ? ಬಿದ್ದುಬಿಟ್ಯಾ?"

ಅವನು ತಡಬಡಿಸಿ ಎದ್ದ. ಯಾವಾಗಲೂ ಮಾಡುವ ಹಾಗೆ ಬೆರಳು ತೋರಿಸಿ, ತಲೆಯಾಡಿಸಿ ಅಜ್ಜಿಯನ್ನು ಸಾಗಹಾಕಬಹುದಿತ್ತು. ಮಾತಿನಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

"ಅ... ಅ... ಅಜ್ಜಿ, ಕೂ... ಕೂತ್ಕೊಳ್ಳಿ."

"ಅಯ್ಯೋ, ಏನಾಯ್ತೋ ನಿನಗೆ? ಹತ್ತು ವರ್ಷದಿಂದ ಬರ್ತಿದ್ದೀನಿ, ಹೂಂ ಉಹೂಂ ಬಿಟ್ರೆ..."

"ನ... ನನಗೆ ಉಗ್ಗು ಅಜ್ಜಿ. ಮೊ... ಮೊದಲಿಂದ ಇದೆ. ನಾನು ಇವರಿಗೆ ಒಂದು ಮಾ... ಮಾತು ಹೇಳಬೇಕು. ಹೊ... ಹೊತ್ತಾಗುತ್ತೆ."

ಅಜ್ಜಿ ಅವನನ್ನು ನೋಡಿದಳು. ನೆಲದ ಮೇಲೆ ಕೂತವಳನ್ನು ನೋಡಿದಳು. ಅಷ್ಟು ವರ್ಷ ಬದುಕಿದವಳಿಗೆ ಇನ್ನು ಬಿಡಿಸಿ ಹೇಳಬೇಕೆ?

"ಹೇಳಪ್ಪಾ, ಹೇಳು," ಅಂದಳು ಸ್ಟೂಲಿನ ಮೇಲೆ ಕೂರುತ್ತಾ. "ನಮ್ಮ ಯಜಮಾನರೇನು ಎದ್ದು ಓಡಿಹೋಗಲ್ಲ, ಸತ್ತು ಮೂರು ತಿಂಗಳಾಯ್ತು. ನನಗೂ ಕಿವಿ ಸರಿಯಾಗಿ ಕೇಳಲ್ಲ." ಅಂದು ಗೋಡೆಯ ಕಡೆ ತಿರುಗಿ ಕೂತಳು. ಒಳ್ಳೆಯ ಕಿವಿಯನ್ನು ಮಾತ್ರ ಈ ಕಡೆಗೇ ಬಿಟ್ಟುಕೊಂಡಿದ್ದಳು.

ಅವನು ಮಾತಿನಕ್ಕನ ಎದುರಿಗೆ ಬಂದು ನೆಲದ ಮೇಲೆ ಕೂತ.

"ಇ..."

ನಿಂತಿತು.

"ಇ... ಇ..."

ಕುತ್ತಿಗೆಯ ನರ ಉಬ್ಬಿತು. ಕಣ್ಣು ಮುಚ್ಚಲು ಹೋಯಿತು. ಮುಚ್ಚಲಿಲ್ಲ. ಅವಳನ್ನೇ ನೋಡುತ್ತಿದ್ದ. ಅವಳ ತುದಿ ನಾಲಿಗೆಯಲ್ಲಿ ಆ ಮಾತು ಇತ್ತು. ಒಂದು ಸಲ ಅಂದುಬಿಟ್ಟರೆ ಅವನ ಕಷ್ಟ ಮುಗಿಯುತ್ತಿತ್ತು. ಹನ್ನೊಂದು ವರ್ಷದಲ್ಲಿ ಕಾಯುವುದು ಅವಳಿಗೆ ಇಷ್ಟು ಕಷ್ಟವಾಗಿರಲಿಲ್ಲ. ಉಗುರು ಅಂಗೈಗೆ ನಾಟುವಂತೆ ಮುಷ್ಟಿ ಹಿಡಿದಳು.

"ಇ... ಇ... ಇರಿ," ಅಂದ. ಉಸಿರು ಬಿಟ್ಟ. "ನ... ನನ್ನ ಹತ್ರ ಇರಿ. ಕಡ್ಡಿ ಹತ್ರ ಅಲ್ಲ. ಅ... ಅಂದ್ರೆ ಕಡ್ಡಿ ಹತ್ರಾನೂ. ಆದ್ರೆ ನ... ನನ್ನ ಹತ್ರ."

"ಇರ್ತೀನಿ," ಅಂದಳು. ಅಷ್ಟು ಹೇಳುವುದರಲ್ಲಿ ಅವಳಿಗೂ ದನಿ ಒಡೆದುಹೋಯಿತು.

ಗೋಡೆಯ ಕಡೆ ತಿರುಗಿದ್ದ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮರದ ಧೂಳಪ್ಪಾ ನಿನ್ನ ಅಂಗಡೀಲಿ," ಅಂತ ಗೊಣಗಿದಳು.

"ಕೆ... ಕೆಲಸ?" ಅವನು ಕೇಳಿದ.

"ಹೋಯ್ತು. ಆ ಊರಿಗೆ ಬರಲ್ಲ ಅಂತ ಬರೀತೀನಿ. ಇಲ್ಲಿ ನನ್ನ ಕೋಣೆಗೆ ಸೋಮವಾರ ಹೊಸಬಳು ಬರ್ತಾಳೆ." ತಾನೇ ಸುಣ್ಣ ಬಳಿದ ಕೋಣೆ... ಹನ್ನೆರಡು ಮಕ್ಕಳು... "ಅಳು ಬರುತ್ತೆ. ಸ್ವಲ್ಪ ದಿನ ಅಳ್ತೀನಿ. ನೀವು ಬೇಡ ಅನ್ನಬಾರದು."

"ಅ... ಅನ್ನಲ್ಲ." ಅವನು ತುಸು ಹೊತ್ತು ಅವಳನ್ನೇ ನೋಡಿದ. "ಯೋ... ಯೋಚನೆ ಮಾಡಿ. ಒಂದು ಮಾತಿಗೆ ಇಷ್ಟು ಹೊತ್ತು. ಜೀ... ಜೀವನ ಪೂರ್ತಿ ಹೀಗೇ."

"ಜಗಳ ಆಡೋಕೆ ನಿಮಗೆ ಎಷ್ಟು ಹೊತ್ತು ಬೇಕು?"

ಅವನು ನಿಜವಾಗಿಯೂ ಲೆಕ್ಕ ಹಾಕಿದ. "ಒಂ... ಒಂದು ದಿನ."

"ಸರಿ. ಅಷ್ಟರಲ್ಲಿ ನನ್ನ ಸಿಟ್ಟು ಇಳಿದಿರುತ್ತೆ."

ಅವನು ನಕ್ಕ. ಅವಳು ಅವನ ನಗುವಿನ ಸದ್ದು ಕೇಳಿದ್ದು ಅವತ್ತೇ. ನಗು ಅರ್ಧಕ್ಕೆ ಬಂದು ನಿಂತಿತು. ಕಣ್ಣು ಮತ್ತೆ ತುಂಬಿಕೊಂಡಿತು.

"ಅ... ಅಕ್ಕ ಇ... ಇದ್ದಿದ್ರೆ..."

ಇದ್ದಿದ್ದರೆ ಎಷ್ಟು ಸಂತೋಷ ಪಡುತ್ತಿದ್ದಳು, ಎಂದು ಅವಳ ಬಾಯಿಗೆ ಬಂತು. ನುಂಗಿಕೊಂಡಳು. ಕಾದಳು.

"ಇ... ಇದ್ದಿದ್ರೆ," ಅಂದ ಅವನು, ಒಂದೊಂದನ್ನೇ ಹುಷಾರಾಗಿ ಎತ್ತಿಡುತ್ತಾ, "ಈ ಮಾ... ಮಾತನ್ನೂ ಅವಳೇ ಆಡ್ತಿದ್ಲು."

ಮಾತಿನಕ್ಕ ಗೀರು ಬಿದ್ದ ಆ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಗೊತ್ತು," ಅಂದಳು. "ಅವರ ಬಗ್ಗೆ ಹೇಳಿ. ಮೊದಲಿಂದ ಹೇಳಿ."